ಸೇವಾಗುಣ ಅವರಿಗೆ ಹುಟ್ಟಿನಿಂದಲೇ ಬರುತ್ತದೆಯೆ?

ನಾನು ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಎಂದು ತಿಳಿದ ಕನ್ನಡದವರು, ಅದರಲ್ಲೂ ಊರಿನಿಂದ ಬಂದ ಅಪ್ಪ ಅಮ್ಮನನ್ನು ಇಲ್ಲಿಯ ಆಸ್ಪತ್ರೆಗೆ ಸೇರಿಸಿ ನಾಲ್ಕಾರು ರಾತ್ರಿ ಕಳೆದವರು, ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಸಿಸ್ಟರ್, ಇಲ್ಲಿ ಇಷ್ಟೊಂದು ಫಿಲಿಪಿನೋ ನರ್ಸ್‌ಗಳು ಯಾಕಿದ್ದಾರೆ? ಸೇವಾಗುಣ ಅವರ ರಕ್ತದಲ್ಲೇ ಇದೆಯಂತೆ, ಹೌದಾ?" ಕೇಳುವವರ ಮನಸ್ಸಿನಲ್ಲಿ ಇರುವುದು ಕೃತಜ್ಞತೆಯೇ. ಆದರೂ ನನ್ನ ಉತ್ತರ 'ಅಲ್ಲ' ಎಂದೇ. ಅದನ್ನು ವಿವರಿಸಬೇಕಾದರೆ, ಹಲವು ವರ್ಷ ನನ್ನೊಡನೆ ರಾತ್ರಿ ಪಾಳಿ ಮಾಡಿದ ಹಿರಿಯ ನರ್ಸ್ ಒಬ್ಬರ ವಿಷಯ ಹೇಳಬೇಕು.

ವಾರ್ಡಿನಲ್ಲಿ ಎಲ್ಲರೂ ಅವರನ್ನು 'ಆತೆ' ಎನ್ನುತ್ತಿದ್ದರು. ಟಗಾಲೊಗ್ ಭಾಷೆಯಲ್ಲಿ ಹಾಗೆಂದರೆ ಅಕ್ಕ. (ನಾನು ಮೊದಲ ವಾರವೆಲ್ಲ ಅದನ್ನು 'ಅತ್ತೆ' ಎಂದೇ ಕೇಳಿಸಿಕೊಂಡಿದ್ದೆ.) ಅವರ ಊರು ಇಲೊಯಿಲೊ. ಫಿಲಿಪೀನ್ಸಿನ ಮೊದಲ ನರ್ಸಿಂಗ್ ಶಾಲೆ 1906ರಲ್ಲಿ ಆರಂಭವಾದದ್ದು ಅಲ್ಲೇ, ಅಮೆರಿಕದ ಮಿಷನರಿಗಳ ಆಸ್ಪತ್ರೆಯಲ್ಲಿ. 1898ರಲ್ಲಿ ಸ್ಪೇನಿನಿಂದ ಆ ದ್ವೀಪಗಳನ್ನು ವಶಪಡಿಸಿಕೊಂಡ ಅಮೆರಿಕ, ಅಲ್ಲಿ ತನ್ನದೇ ಪಠ್ಯಕ್ರಮದಲ್ಲಿ, ಇಂಗ್ಲಿಷಿನಲ್ಲಿ ನರ್ಸ್‌ಗಳನ್ನು ತಯಾರು ಮಾಡತೊಡಗಿತು. 1948ರ ವಿನಿಮಯ ಯೋಜನೆಯಡಿ ಆ ನರ್ಸ್‌ಗಳು ಎರಡು ವರ್ಷದ ಮಟ್ಟಿಗೆ 'ಕಲಿಯಲು' ಅಮೆರಿಕಕ್ಕೆ ಬಂದರು. ಬಂದವರಲ್ಲಿ ಅನೇಕರು ಅಲ್ಪ ಭತ್ಯೆಗೆ ಪೂರ್ಣಾವಧಿಯ ನರ್ಸ್‌ಗಳ ಕೆಲಸವನ್ನೇ ಮಾಡಬೇಕಾಯಿತು. 1965ರ ವಲಸೆ ಕಾನೂನು ದೇಶವಾರು ಕೋಟಾವನ್ನು ತೆಗೆದುಹಾಕಿದ ಮೇಲೆ ಶಾಶ್ವತವಾಗಿ ನೆಲೆಸುವ ದಾರಿ ತೆರೆಯಿತು. ಅತ್ತ ಫಿಲಿಪೀನ್ಸಿನಲ್ಲಿ 1974ರಲ್ಲಿ ಅಧ್ಯಕ್ಷ ಮಾರ್ಕೋಸ್ ಸರ್ಕಾರ ಕಾರ್ಮಿಕ ಸಂಹಿತೆಯನ್ನು ತಂದು, ಜನರನ್ನು ಹೊರದೇಶದ ದುಡಿಮೆಗೆ ಕಳುಹಿಸುವುದನ್ನು ಸರ್ಕಾರಿ ನೀತಿಯನ್ನಾಗಿಯೇ ಮಾಡಿತು. ಇಷ್ಟೆಲ್ಲ ವ್ಯವಸ್ಥೆ ಮಾಡಿಟ್ಟು, ಫಲ ಬಂದಾಗ ಅದನ್ನು ರಕ್ತದ ಗುಣ ಎನ್ನುವುದು ನನಗೆ ಸರಿಕಾಣುವುದಿಲ್ಲ.

ಆತೆ ಬಂದದ್ದು 1992ರಲ್ಲಿ, ತಾತ್ಕಾಲಿಕ ವೀಸಾದ ಮೇಲೆ. ಐದು ವರ್ಷದ ಮಗಳನ್ನು ಅಜ್ಜಿಯ ಬಳಿ ಬಿಟ್ಟು ಬಂದರು. ಬೇಕೆಂದಿದ್ದರೆ ಜೊತೆಗೇ ಕರೆತರಬಹುದಿತ್ತು. ಆದರೆ ವಾರಕ್ಕೆ ನಾಲ್ಕೈದು ರಾತ್ರಿ, ಹನ್ನೆರಡು ಗಂಟೆಯ ಪಾಳಿ ಮಾಡುವವಳು, ಗುರುತು ಪರಿಚಯವಿಲ್ಲದ ಊರಿನ ಬಾಡಿಗೆ ಕೋಣೆಯಲ್ಲಿ ಆ ಮಗುವನ್ನು ಯಾರ ಮಡಿಲಿಗೆ ಹಾಕಿ ಬರಬೇಕಿತ್ತು? ಬೇಸಿಗೆಯಲ್ಲಿ ನ್ಯೂಜೆರ್ಸಿಗೂ ಇಲೊಯಿಲೊಗೂ ಸರಿಯಾಗಿ ಹನ್ನೆರಡು ಗಂಟೆಯ ಅಂತರ. ಬೆಳಿಗ್ಗೆ ಏಳೂವರೆಗೆ ಪಾಳಿ ಮುಗಿಸಿ ಹೊರಬಂದರೆ ಅಲ್ಲಿ ರಾತ್ರಿ ಊಟದ ಹೊತ್ತು. ಆಗ ಕಾರ್ಡ್ ಕೊಂಡು ಫೋನ್ ಮಾಡುತ್ತಿದ್ದರು. ನಿಮಿಷಗಳು ತೀರಿಹೋಗುವ ಮೊದಲು ಮಗಳು ಏನು ತಿಂದಳು ಎನ್ನುವುದಷ್ಟೇ ತಿಳಿಯುತ್ತಿತ್ತಂತೆ.

ಇನ್ನು ಪೆಟ್ಟಿಗೆ. ಹೊರದೇಶದ ಫಿಲಿಪಿನೋಗಳು ಊರಿಗೆ ಹಡಗಿನಲ್ಲಿ ಕಳುಹಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗೆ 'ಬಾಲಿಕ್‌ಬಾಯನ್' ಪೆಟ್ಟಿಗೆ ಎಂದು ಹೆಸರು. ಸಾಬೂನು, ಡಬ್ಬಿಯ ಮಾಂಸ, ಚಾಕೊಲೇಟು, ಟವೆಲು, ಟೂತ್‌ಪೇಸ್ಟು ಎಲ್ಲವೂ ಅದರೊಳಗೆ ಸೇರುತ್ತವೆ. ಸಂದುಗಳಲ್ಲಿ ಕಾಲುಚೀಲ ತುರುಕುತ್ತಾರೆ. ಅಜ್ಜಿ ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಆ ಕಾಗದ ಇಲ್ಲಿಗೆ ಬಂದು, ಬೂಟು ಕೊಂಡು, ಪೆಟ್ಟಿಗೆ ತುಂಬಿ, ಅದು ಊರು ಮುಟ್ಟುವಷ್ಟರಲ್ಲಿ ಪಾದ ಬೆಳೆದಿರುತ್ತಿತ್ತು. ಮೊದಲ ಎರಡು ಜೊತೆ ಪಕ್ಕದ ಮನೆಯ ಹುಡುಗಿಗೆ ಹೋದ ಮೇಲೆ ಆತೆ ಒಂದು ಅಳತೆ ದೊಡ್ಡದನ್ನೇ ಕೊಳ್ಳತೊಡಗಿದರು. ಮಗಳು ಬಂದು ಸೇರಿದ್ದು ಹನ್ನೊಂದನೆಯ ವಯಸ್ಸಿನಲ್ಲಿ. ವಿಮಾನ ನಿಲ್ದಾಣದಲ್ಲಿ ಅವಳು ತಾಯಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡಳಂತೆ, ಹಿರಿಯರಿಗೆ ಮಾಡುವ ನಮಸ್ಕಾರದ ಹಾಗೆ. ಅಪ್ಪಿಕೊಳ್ಳಲಿಲ್ಲ. ಇದನ್ನು ಆತೆ ನನಗೆ ಒಮ್ಮೆ ಮಾತ್ರ ಹೇಳಿದರು.

ಹೊಗಳಿಕೆ ಎಷ್ಟು ಬೇಗ ತಿರುವುಮುರುವಾಗುತ್ತದೆ ಎನ್ನುವುದಕ್ಕೂ ದಾಖಲೆಯಿದೆ. 1975ರಲ್ಲಿ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯ ರೋಗಿಗಳಿಗೆ ಇದ್ದಕ್ಕಿದ್ದಂತೆ ಉಸಿರು ನಿಲ್ಲತೊಡಗಿದಾಗ ಸಂಶಯ ಹೋಗಿ ನಿಂತದ್ದು ಇಬ್ಬರು ಫಿಲಿಪಿನೋ ನರ್ಸ್‌ಗಳ ಮೇಲೆ. 1977ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು. ಆಮೇಲೆ ಅದು ರದ್ದಾಗಿ, 1978ರಲ್ಲಿ ಮೊಕದ್ದಮೆಯನ್ನೇ ಕೈಬಿಡಲಾಯಿತು. ಕೋವಿಡ್ ಕಾಲದ ಲೆಕ್ಕ ಇನ್ನೊಂದು ಬಗೆಯದು. ಅಮೆರಿಕದ ನರ್ಸ್‌ಗಳಲ್ಲಿ ಫಿಲಿಪಿನೋಗಳು ಸುಮಾರು ಶೇ. 4 ಮಾತ್ರ. ಆದರೆ ನರ್ಸ್‌ಗಳ ನ್ಯಾಷನಲ್ ನರ್ಸಸ್ ಯುನೈಟೆಡ್ ಸಂಘಟನೆ 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೋವಿಡ್‌ನಿಂದ ಸತ್ತ ನರ್ಸ್‌ಗಳ ಪೈಕಿ ಅವರ ಪಾಲು ಮೂರನೆಯ ಒಂದು ಭಾಗಕ್ಕೆ ಹತ್ತಿರವಿತ್ತು. ಐಸಿಯುಗಳಲ್ಲಿ, ರೋಗಿಯ ಮಂಚದ ಪಕ್ಕದಲ್ಲೇ ನಿಂತು ಮಾಡುವ ಕೆಲಸಗಳಲ್ಲಿ ಅವರು ಹೆಚ್ಚಾಗಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ.

ಒಂದು ಚಳಿಗಾಲ ನಮ್ಮ ವಾರ್ಡಿಗೆ ದಾವಣಗೆರೆ ಕಡೆಯ ಅಜ್ಜಿಯೊಬ್ಬರು ಬಂದರು. ಅವರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಆತೆ ನನ್ನಿಂದ ಐದು ಮಾತು ಬರೆಸಿಕೊಂಡು, ಚೀಟಿಯನ್ನು ಗುರುತಿನ ಕಾರ್ಡಿನ ಹಿಂದೆ ಸಿಕ್ಕಿಸಿಕೊಂಡರು: ನೋವಾ, ನೀರು ಬೇಕಾ, ಉಸಿರು ಎಳೀರಿ, ತಿರುಗಿ, ಮಲಗಿ. ಔಷಧಿಯ ಹೊತ್ತು ಬಂದಾಗಲೆಲ್ಲ ಮೊದಲು ಚೀಟಿ ನೋಡಿ ಆಮೇಲೆ ಮಾತಾಡುತ್ತಿದ್ದರು. ಮನೆಗೆ ಹೋಗುವ ದಿನ ಅಜ್ಜಿಯ ಮಗ ಅವರ ಎರಡೂ ಕೈ ಹಿಡಿದು, ನಿಮ್ಮ ಜನಕ್ಕೆ ಈ ಗುಣ ಹುಟ್ಟಿನಿಂದಲೇ ಬಂದಿರುತ್ತದೆ ಎಂದು ನನ್ನ ಎದುರಿಗೇ ಹೇಳಿದರು.

ಆತೆ ನಕ್ಕರು. ಆಮೇಲೆ ಹೇಳಿದರು: "ನನ್ನ ನಾಲ್ಕು ವರ್ಷದ ಕಾಲೇಜಿಗೆ ಅಪ್ಪ ಗದ್ದೆ ಅಡವಿಟ್ಟಿದ್ದರು. ಹುಟ್ಟಿನಿಂದಲೇ ಬರುವುದಾಗಿದ್ದರೆ ಆ ಗದ್ದೆ ಉಳಿಯುತ್ತಿತ್ತು."