ಹೃದಯದ ತೂತಿಗೆ ಡಿವೈಸ್ ಹಾಕಿಸಿ ಊರಿಗೆ ಮರಳಿದ ಮೇಲೆ

ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಗೆ ತೂರಿಸಿ, ಡಿವೈಸ್ ಎಂಬ ಪುಟ್ಟ ಮುಚ್ಚಳದಿಂದ ಹೃದಯದ ತೂತು ಮುಚ್ಚಿಸಿಕೊಂಡವರು ಎರಡು-ಮೂರು ದಿನದಲ್ಲಿ ಮನೆ ಸೇರುತ್ತಾರೆ. ಎದೆ ಸೀಳಿಲ್ಲ, ಹೊಲಿಗೆಯಿಲ್ಲ, ಹಾಗಾಗಿ ಎಲ್ಲ ಮುಗಿಯಿತು ಅನಿಸುತ್ತದೆ. ಆದರೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಹಾಕಿಸಿಕೊಂಡು ಅಂಕೋಲಾಕ್ಕೋ ಸಿದ್ದಾಪುರಕ್ಕೋ ಬಂದವರಿಗೆ ಆ ಆಸ್ಪತ್ರೆ ಮೂರು-ನಾಲ್ಕು ತಾಸಿನ ದಾರಿ. ಮಳೆಗಾಲದಲ್ಲಿ ಅದಕ್ಕೂ ಖಾತ್ರಿಯಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಯಾವ ಲಕ್ಷಣ ಕಂಡರೆ ಬೆಳಗಿನ ತನಕ ಕಾಯಬಾರದು ಎಂಬುದು ಮನೆಯವರಿಗೆ ಗೊತ್ತಿರಲೇಬೇಕು.

ಡಿವೈಸ್ ಅಂದರೆ ನಿಕ್ಕಲ್-ಟೈಟಾನಿಯಂ ತಂತಿಯಲ್ಲಿ ಹೆಣೆದ ಎರಡು ಬಿಲ್ಲೆ, ನಡುವೆ ಒಂದು ಸೊಂಟ. ಮೇಲಿನ ಕೋಣೆಗಳ ನಡುವಿನ ತೂತಿನಲ್ಲಿ, ಅಂದರೆ ಎಎಸ್‌ಡಿಯಲ್ಲಿ, ಬಿಲ್ಲೆಗಳು ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಕೂರುತ್ತವೆ. ಅಂಚು 5 ಮಿ.ಮೀ.ಗಿಂತ ಕಡಿಮೆಯಿದ್ದರೆ, ತೆಳುವಾಗಿ ಅಲುಗಾಡುತ್ತಿದ್ದರೆ, ಅಥವಾ ಆರಿಸಿದ ಅಳತೆ ಚಿಕ್ಕದಾದರೆ ಹಿಡಿತ ತಪ್ಪುತ್ತದೆ. ಜಾರಿದ ಡಿವೈಸ್ ಶ್ವಾಸಕೋಶದ ಅಪಧಮನಿಗೋ ಮಹಾಪಧಮನಿಗೋ ಹೋಗಿ ಸಿಕ್ಕಿಕೊಳ್ಳಬಹುದು. ಇದು ಹೆಚ್ಚುಕಡಿಮೆ ನೂರಕ್ಕೆ ಒಬ್ಬರಲ್ಲಿ, ಬಹುತೇಕ ಮೊದಲ 24 ತಾಸಿನೊಳಗೆ. ಕುಣಿಕೆ ತಂತಿ ಹಾಕಿ ಹಿಡಿದು ತೆಗೆಯುತ್ತಾರೆ, ಆಗದಿದ್ದರೆ ಶಸ್ತ್ರಚಿಕಿತ್ಸೆ. ಮರುದಿನದ ಎಕೋ (ಹೃದಯದ ಸ್ಕ್ಯಾನ್) ಆಗದೆ ಡಿಸ್ಚಾರ್ಜ್ ಒಪ್ಪಬೇಡಿ.

ಹೆಚ್ಚು ಭಯವಿರುವುದು ಇನ್ನೊಂದು ತೊಂದರೆಯದ್ದು. ಮಹಾಪಧಮನಿಯ ಪಕ್ಕದ ಅಂಚು ಇಲ್ಲದಿದ್ದರೆ, ಅಥವಾ ಡಿವೈಸ್ ತೀರಾ ದೊಡ್ಡದಿದ್ದರೆ, ಬಿಲ್ಲೆಯ ಅಂಚು ಪ್ರತಿ ಬಡಿತಕ್ಕೂ ಕೋಣೆಯ ಮೇಲ್ಗೋಡೆಗೆ ಉಜ್ಜುತ್ತದೆ. ಗೋಡೆ ಸವೆದು ತೂತಾದರೆ ರಕ್ತ ಹೃದಯದ ಸುತ್ತಲಿನ ಚೀಲದಲ್ಲಿ ತುಂಬಿ ಹೃದಯವನ್ನೇ ಹಿಸುಕುತ್ತದೆ. ಸಾವಿರಕ್ಕೆ ಒಂದರಿಂದ ಮೂರು, ಅಷ್ಟೇ. ಹೆಚ್ಚಿನವು ಮೊದಲ ಕೆಲ ದಿನಗಳಲ್ಲಿ, ಆದರೆ ವರ್ಷಗಳ ನಂತರವೂ ಆದದ್ದುಂಟು. ಎದೆನೋವು, ತಲೆಸುತ್ತು, ಉಬ್ಬಸ, ಬಿ.ಪಿ. ಇಳಿದು ನಾಡಿ ಓಡುವುದು, ಕುತ್ತಿಗೆಯ ನರ ಉಬ್ಬುವುದು ಇದರ ಗುರುತು. ಗ್ಯಾಸ್ ಎಂದು ಮಾತ್ರೆ ನುಂಗಿ ಮಲಗುವಂತಿಲ್ಲ. ಇಸಿಜಿ ಸರಿಯಿದೆ ಅಂದರೂ ಸಾಲದು, ಎಕೋ ಆಗಬೇಕು. ಉಬ್ಬಸವೆಂದು ಮೂತ್ರ ಹೋಗಿಸುವ ಇಂಜೆಕ್ಷನ್ ಕೊಟ್ಟರೆ ಬಿ.ಪಿ. ಇನ್ನೂ ಕುಸಿಯುತ್ತದೆ; ಹತ್ತಿರದ ಡಾಕ್ಟರಿಗೆ ಡಿವೈಸ್ ಇದೆಯೆಂದು ಮೊದಲೇ ಹೇಳಿ.

ಕೆಳಕೋಣೆಗಳ ತೂತಿನದ್ದು, ವಿಎಸ್‌ಡಿಯದ್ದು, ಬೇರೆ ಕಥೆ. ಹೃದಯದ ವಿದ್ಯುತ್ ತಂತು ಆ ತೂತಿನ ಅಂಚಿನಲ್ಲೇ ಹಾಯುವುದರಿಂದ ಒತ್ತಡ ಬಿದ್ದು ಹಾರ್ಟ್ ಬ್ಲಾಕ್ (ಬಡಿತದ ಸಂಕೇತ ತಡೆದು ನಾಡಿ ನಿಧಾನವಾಗುವುದು) ಆಗಬಹುದು, ತಿಂಗಳುಗಳ ಮೇಲೂ. ಮಗು ಇದ್ದಕ್ಕಿದ್ದಂತೆ ಮಂಕಾದರೆ, ಎಚ್ಚರ ತಪ್ಪಿದರೆ ನಾಡಿ ಎಣಿಸಿ, ತಕ್ಷಣ ಇಸಿಜಿ ಮಾಡಿಸಿ. ಡಿವೈಸ್ ಮತ್ತು ತೂತಿನ ಅಂಚಿನ ನಡುವೆ ಉಳಿದ ಸಂದಿನಲ್ಲಿ ರಕ್ತ ರಭಸದಿಂದ ಸೋರುತ್ತಿದ್ದರೆ ಕೆಂಪುಕಣ ಒಡೆಯುತ್ತವೆ, ಮೂತ್ರ ಹಾಲು ಹಾಕದ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ. ನೀರು ಕಡಿಮೆ ಕುಡಿದದ್ದಕ್ಕೆ ಎಂದುಕೊಳ್ಳಬೇಡಿ.

ಡಿವೈಸ್ ಮೇಲೆ ಒಳಪೊರೆ ಬೆಳೆಯಲು ಮೂರರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಹೆಪ್ಪುಗಟ್ಟದಿರಲು ಸಾಮಾನ್ಯವಾಗಿ ಆಸ್ಪಿರಿನ್ ಇರುತ್ತದೆ, ತಾವಾಗಿ ನಿಲ್ಲಿಸಬಾರದು. ಈ ಆರು ತಿಂಗಳೊಳಗೆ ಹಲ್ಲು ಕೀಳಿಸುವುದಿದ್ದರೆ ಮುಂಚೆ ಆ್ಯಂಟಿಬಯೋಟಿಕ್ ಬೇಕು. ರಂಪಣಿ ಬಲೆ ಎಳೆಯುವವರು, ಕೊನೆ ಕೊಯ್ಯಲು ಅಡಿಕೆ ಮರ ಹತ್ತುವವರು ಕನಿಷ್ಠ ಒಂದು ತಿಂಗಳು ಬಿಡಬೇಕು. ಮುಂದಿನದ್ದು ಎಕೋ ನೋಡಿ. ನಕಲಿ ಒಡವೆ, ಗಡಿಯಾರದ ಪಟ್ಟಿಗೆ ಚರ್ಮ ತುರಿಸುವವರು ನಿಕ್ಕಲ್ ಅಲರ್ಜಿಯ ವಿಷಯವನ್ನು ಡಿವೈಸ್ ಹಾಕಿಸುವ ಮುಂಚೆಯೇ ಹೇಳಬೇಕು.

ಡಿವೈಸ್ ಹೆಸರು, ಅಳತೆ, ಹಾಕಿದ ದಿನ ಇರುವ ಕಾರ್ಡಿನ ಫೋಟೊ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ.