ಎರಡು ಪ್ರದೇಶದ ಗ್ರಿಡ್, ಭಾಗ 2: ಪಿಎಸ್‌ಒ ಟ್ಯೂನಿಂಗ್ ಎಲ್ಲಿಗೆ ಬಂತು

ಕಳೆದ ಭಾಗದಲ್ಲಿ ಕಟ್ಟಿದ ಫ್ರೀಕ್ವೆನ್ಸಿ ಮೀಟರ್ ಈಗ ದಿನವಿಡೀ ಓಡುತ್ತಿದೆ: 9 ವೋಲ್ಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಒಂದು ಆಪ್ಟೋಕಪ್ಲರ್, ಆರ್ಡುಯಿನೊ. ಮೊನ್ನೆ ಮಧ್ಯಾಹ್ನ 50.04 ಹರ್ಟ್ಸ್ ಇತ್ತು, ದೀಪ ಹಚ್ಚುವ ಹೊತ್ತಿಗೆ 49.93ಕ್ಕೆ ಜಗ್ಗಿತು. ತುಮಕೂರಿನ ಪ್ಲಗ್ಗಿನಲ್ಲಿ ಕಂಡದ್ದೇ ಗುವಾಹಟಿಯಲ್ಲೂ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಜೋಡಿಸಿದಾಗಿನಿಂದ ದೇಶಕ್ಕೆಲ್ಲ ಒಂದೇ ಫ್ರೀಕ್ವೆನ್ಸಿ. ಗ್ರಿಡ್ ಕೋಡಿನ ಮಿತಿ 49.90ರಿಂದ 50.05.

ಈ ಸಲದ ಕೆಲಸ ಪೈಥಾನ್ ಸಿಮ್ಯುಲೇಶನ್: ಲೋಡ್ ಏರಿ ಜಗ್ಗಿದ ಫ್ರೀಕ್ವೆನ್ಸಿಯನ್ನು ಮತ್ತೆ 50ಕ್ಕೆ ತರುವುದು. ಎರಡು ಥರ್ಮಲ್ ಪ್ರದೇಶ, ನಡುವೆ ಅವನ್ನು ಜೋಡಿಸುವ ಟೈ‌ಲೈನ್, ತಲಾ ಒಂದು ಪಿಐಡಿ, ಅಂದರೆ ಫ್ರೀಕ್ವೆನ್ಸಿಯ ಏರುಪೇರು, ಅದರ ಕೂಡಿಕೆ (ಇಂಟಿಗ್ರಲ್), ಅದು ಬದಲಾಗುವ ವೇಗ (ಡೆರಿವೇಟಿವ್) ಮೂರನ್ನೂ ತಲಾ ಒಂದು ಗೇನ್‌ನಿಂದ ಗುಣಿಸಿ ಟರ್ಬೈನಿಗೆ ಆಜ್ಞೆ ಕೊಡುವ ನಿಯಂತ್ರಕ. ಪಠ್ಯಪುಸ್ತಕದ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಎಲ್ಲೆಲ್ಲೂ ಓಡಾಡುವ ಗ್ರಿಡ್ಡಿನ ಗೇನ್ 120 (ವಿದ್ಯುತ್ ಕೊರತೆಗೆ ಫ್ರೀಕ್ವೆನ್ಸಿ ಎಷ್ಟು ಜಗ್ಗುತ್ತದೆ), ಡ್ರೂಪ್ 2.4 (ಟರ್ಬೈನ್ ತಾನಾಗಿ ಏರಲು ಫ್ರೀಕ್ವೆನ್ಸಿ ಎಷ್ಟು ಜಗ್ಗಬೇಕು) ಅಮೆರಿಕದ 60 ಹರ್ಟ್ಸಿನವು. ಅದೇ ಲೆಕ್ಕ ನಮ್ಮ 50ಕ್ಕೆ ಹಾಕಿದರೆ 100 ಮತ್ತು 2. ಟೈಮ್ ಕಾನ್‌ಸ್ಟಂಟ್ (ಫ್ರೀಕ್ವೆನ್ಸಿ ಎಷ್ಟು ನಿಧಾನಕ್ಕೆ ಬದಲಾಗುತ್ತದೆ ಎಂಬ ಅಳತೆ) ಮಾತ್ರ 20 ಸೆಕೆಂಡೇ ಉಳಿಯುತ್ತದೆ.

ಪಿಐಡಿಯ ಗೇನ್ ಹುಡುಕಲು ಪಾರ್ಟಿಕಲ್ ಸ್ವಾರ್ಮ್ (ಪಿಎಸ್‌ಒ), ಹಲವು ಊಹೆಗಳು ಹಿಂಡಾಗಿ ಸಾಗುತ್ತ ಒಳ್ಳೆಯ ಉತ್ತರ ಹುಡುಕುವ ಅಲ್ಗಾರಿದಮ್, 1995ರಲ್ಲಿ ಕೆನಡಿ ಮತ್ತು ಎಬರ್‌ಹಾರ್ಟ್ ಕೊಟ್ಟದ್ದು. ತೋಳ, ತಿಮಿಂಗಿಲ, ಮಿಂಚುಹುಳು ಅಂತ ಅಲ್ಗಾರಿದಮ್‌ಗಳ ಮೃಗಾಲಯವೇ ಇದೆ. ನನಗೆ ಹಳೆಯದೇ ಸಾಕು. ಅಳತೆಗೋಲು ಐಟಿಎಇ: ಏರುಪೇರನ್ನು ಕಾಲದಿಂದ ಗುಣಿಸಿ ಕೂಡಿಸುವುದರಿಂದ, ಬಹಳ ಹೊತ್ತು ಎಳೆಯುವ ತೂಗಾಟಕ್ಕೆ ಹೆಚ್ಚು ದಂಡ.

ಒಂದು ಪ್ರದೇಶದಲ್ಲಿ ಶೇ 1 ಲೋಡ್ ಏರಿಸಿದೆ. ಡ್ರೂಪ್ ಒಂದೇ ಇದ್ದರೆ ಫ್ರೀಕ್ವೆನ್ಸಿ 0.0098 ಹರ್ಟ್ಸ್ ಕೆಳಗೇ ನಿಂತುಬಿಡುತ್ತದೆ. ಟ್ಯೂನ್ ಆದ ಪಿಐಡಿ ಕೆಲವೇ ಸೆಕೆಂಡಿನಲ್ಲಿ ಆ ಕೊರತೆಯನ್ನು ಸೊನ್ನೆಗೆ ತಂದಿತು. ಗ್ರಾಫ್ ಏನೋ ಚೆಂದ. ಆದರೆ ಗೇನ್‌ಗಳೆಲ್ಲ ನಾನು ಕೊಟ್ಟ ಮೇಲ್ಮಿತಿಗೇ ಹೋಗಿ ಅಂಟಿಕೊಂಡಿದ್ದವು. ಮಿತಿ ಏರಿಸಿದರೆ ಅಲ್ಲಿಗೂ ಹತ್ತಿದವು. ಕಂಪ್ಯೂಟರಿನೊಳಗಿನ ಹಬೆಗೆ ಸುಸ್ತೇ ಇಲ್ಲವಲ್ಲ.

ಅದಕ್ಕೆ ಟರ್ಬೈನಿನ ಏರಿಕೆ ನಿಮಿಷಕ್ಕೆ ಶೇ 3 ಮೀರದಂತೆ ಕಟ್ಟುಹಾಕಿದೆ. ಈಗ ಶೇ 1 ಏರಲು 20 ಸೆಕೆಂಡ್ ಬೇಕೇ ಬೇಕು, ಯಾವ ಗೇನ್ ಕೊಟ್ಟರೂ ಅಷ್ಟೇ. ಅದೇ ಚೆಂದದ ಗೇನ್‌ಗಳು ಇಲ್ಲಿ ತೂಗಾಡುತ್ತಲೇ ಇದ್ದವು: ಟರ್ಬೈನ್ ನಿಧಾನಕ್ಕೆ ಏರುವಷ್ಟರಲ್ಲಿ ಇಂಟಿಗ್ರೇಟರ್ ತುಂಬಿ ತುಳುಕಿ, ಸೊನ್ನೆ ದಾಟಿದ ಮೇಲೂ ತಳ್ಳುತ್ತಿತ್ತು. ಕಟ್ಟಿನೊಳಗೇ ಮತ್ತೆ ಟ್ಯೂನ್ ಮಾಡಿದಾಗ ಇಂಟಿಗ್ರಲ್ ಗೇನ್ ತಾನಾಗಿ ಕುಸಿಯಿತು, ಡೆರಿವೇಟಿವ್ ಇದ್ದೂ ಇಲ್ಲದಂತಾಯಿತು. ಈ ಮಿತಿ ಹಾಕದೆ ‘ನಮ್ಮ ಅಲ್ಗಾರಿದಮ್ಮೇ ಮೇಲು’ ಎನ್ನುವ ಕೋಷ್ಟಕಗಳನ್ನು ನಾನಂತೂ ನಂಬುವುದಿಲ್ಲ.

ಮುಂದಿನದು ನಮ್ಮ ಜಿಲ್ಲೆಯದೇ ಪಾವಗಡ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್. ಪ್ಯಾನೆಲ್ಲಿನಲ್ಲಿ ತಿರುಗುವ ರೋಟರ್ ಇಲ್ಲ, ಹಾಗಾಗಿ ಜಡತ್ವವೂ ಇಲ್ಲ. ಒಂದು ಪ್ರದೇಶದ ಜಡತ್ವ ಸ್ಥಿರಾಂಕವನ್ನು 5ರಿಂದ 3 ಸೆಕೆಂಡಿಗೆ ಇಳಿಸಿದರೆ ಟೈಮ್ ಕಾನ್‌ಸ್ಟಂಟ್ 20ರಿಂದ 12ಕ್ಕೆ ಬರುತ್ತದೆ. ಲೋಡಿನ ದಿಢೀರ್ ಏರಿಕೆಯ ಬದಲು ಮೋಡ ಕವಿದಾಗಿನ ಇಳಿಕೆ ಕೊಟ್ಟು, ಡೆರಿವೇಟಿವ್ ತೆಗೆದ ಬರೀ ಪಿಐ ಇಟ್ಟು ಓಡಿಸುತ್ತೇನೆ.