ಬೂಷ್ಟು ಹಿಡಿದ ನಿಂಬೆಹಣ್ಣು

ಜುಲೈ 14, 2024, ಭಾನುವಾರ

ವಾರದಿಂದ ಒಂದೇ ಸಮನೆ ಮಳೆ. ಫ್ರಿಜ್ಜಿನ ಹಿಂದೆ ಉರುಳಿಹೋಗಿದ್ದ ನಿಂಬೆಹಣ್ಣು ಇವತ್ತು ಗುಡಿಸುವಾಗ ಸಿಕ್ಕಿತು. ಮೈಯೆಲ್ಲ ಹಸಿರು ಬೂಷ್ಟು, ಅಂಚಿಗೆ ಬಿಳಿ ಪಟ್ಟಿ, ಮುಟ್ಟಿದರೆ ಪುಡಿ ಏಳುತ್ತದೆ. "ಪೆನಿಸಿಲಿನ್ ಇದರಲ್ಲೇ ಅಲ್ವಾ ಇರೋದು?" ಅಂದರು ಅಮ್ಮ. ಅಲ್ಲ. ಕುಲ ಅದೇ ಪೆನಿಸಿಲಿಯಂ, ಆದರೆ ಇದು ನಿಂಬೆ, ಕಿತ್ತಳೆ ಕೊಳೆಸುವ ಜಾತಿ, ಔಷಧಿ ಮಾಡುವುದಿಲ್ಲ.

ನಾಳೆ ಕ್ಲಾಸಿನಲ್ಲಿ ಪೆನಿಸಿಲಿನ್ನಿನದೇ ಪಾಠ, ಹಾಗಾಗಿ ತಲೆ ಅಲ್ಲೇ ಓಡುತ್ತಿತ್ತು. ಪೆನಿಸಿಲಿನ್‌ಗೆ ಬೇಕಾದದ್ದು ಮೂರೇ ಅಮೈನೋ ಆಮ್ಲ. ಸಿಸ್ಟೀನ್, ವ್ಯಾಲೀನ್ ನಾವು ತಿನ್ನುವ ಬೇಳೆಯಲ್ಲೂ ಇವೆ. ಮೂರನೆಯದು ಅಮೈನೋ ಅಡಿಪಿಕ್ ಆಮ್ಲ. ಪೆನಿಸಿಲಿನ್ ಮಾಡುವ ಬೂಷ್ಟು ತನಗೆ ಬೇಕಾದ ಲೈಸೀನ್ ಎಂಬ ಅಮೈನೋ ಆಮ್ಲವನ್ನು ತಾನೇ ಮಾಡಿಕೊಳ್ಳುತ್ತದೆ (ನಮಗೆ ಆ ಭಾಗ್ಯವಿಲ್ಲ, ಊಟದಿಂದಲೇ ಬರಬೇಕು), ಆ ಅಡುಗೆ ಅರ್ಧ ಆಗಿರುವಾಗ ಸಿಗುವ ವಸ್ತು ಇದು. ಅಂದರೆ ಒಲೆಯ ಮೇಲಿನ ಪಾತ್ರೆಯಿಂದ ಒಂದು ಸೌಟು ಎತ್ತಿಕೊಂಡ ಹಾಗೆ. ಒಂದು ಕಿಣ್ವ ಮೂರನ್ನೂ ಸಾಲಾಗಿ ಪೋಣಿಸಿ, ವ್ಯಾಲೀನನ್ನು ಕನ್ನಡಿಯ ಬಿಂಬದಂತೆ ತಿರುಗಿಸುತ್ತದೆ. ಇನ್ನೊಂದು, ಕಬ್ಬಿಣ ಮತ್ತು ಆಮ್ಲಜನಕದ ಸಹಾಯದಿಂದ, ಎರಡು ಉಂಗುರ ಕಟ್ಟುತ್ತದೆ. ಅದರಲ್ಲಿ ನಾಲ್ಕು ಪರಮಾಣುಗಳ ಇಕ್ಕಟ್ಟಿನ ಉಂಗುರವೇ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕಿಣ್ವಕ್ಕೆ ಅಂಟಿಕೊಂಡು ಬಿಡದೇ ಕೂರುವುದು.

ತಮಾಷೆ ಏನೆಂದರೆ, ಲೈಸೀನ್ ಸುರಿದರೆ ಪೆನಿಸಿಲಿನ್ ಕಡಿಮೆಯಾಗುತ್ತದೆ! ಲೈಸೀನ್ ಸಾಕಷ್ಟಿದೆ ಅಂತ ಬೂಷ್ಟು ಆ ಅಡುಗೆಯನ್ನು ಮೊದಲ ಹಂತದಲ್ಲೇ ನಿಲ್ಲಿಸಿಬಿಡುತ್ತದೆ, ಎತ್ತಿಕೊಳ್ಳಲು ಸೌಟಿಗೆ ಏನೂ ಸಿಗುವುದಿಲ್ಲ.

ಕೊನೆಯ ಹಂತದಲ್ಲಿ ಆ ಅಡಿಪಿಕ್ ತುಂಡನ್ನು ಕಳಚಿ ಅಲ್ಲಿ ಫಿನೈಲ್ ಅಸಿಟಿಕ್ ಆಮ್ಲ ಕೂರಿಸಿದರೆ ಪೆನಿಸಿಲಿನ್ ಜಿ ಎಂಬ ಬಗೆಯ ಪೆನಿಸಿಲಿನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಿಯೋರಿಯಾ ಪ್ರಯೋಗಾಲಯದವರು ಮೆಕ್ಕೆಜೋಳ ನೆನೆಸಿದ ನೀರು ಹಾಕಿದಾಗ ಇಳುವರಿ ಜಾಸ್ತಿಯಾದದ್ದಕ್ಕೆ ಒಂದು ಕಾರಣ ಅದರಲ್ಲಿದ್ದ ಇಂಥ ಪದಾರ್ಥಗಳೇ. ಆದರೆ ಬೂಷ್ಟಿಗೆ ಆ ಫಿನೈಲ್ ಅಸಿಟಿಕ್ ಆಮ್ಲ ಊಟವೂ ಹೌದು! ಫಿನೈಲ್ ಅಲನೀನ್ ಎಂಬ ಅಮೈನೋ ಆಮ್ಲವನ್ನು ಅರಗಿಸಿಕೊಳ್ಳುವ ದಾರಿಯಲ್ಲೇ ಅದನ್ನೂ ಅರಗಿಸಿಬಿಡುತ್ತದೆ. ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ಕಾರ್ಖಾನೆಯ ತಳಿಯಲ್ಲಿ ಹೀಗೆ ಅರಗಿಸುವ ಕಿಣ್ವದ ಜೀನು ಕೆಟ್ಟಿರುವುದು ಆಮೇಲೆ ಗೊತ್ತಾಯಿತು. ಹೊಟ್ಟೆ ಕೆಟ್ಟದ್ದೇ ಲಾಭ ಆಯಿತು, ನೋಡಿ.

ನಾಳೆ ಕ್ಲಾಸಿನಲ್ಲಿ ಮೊದಲು ಈ ಕಥೆ, ಬೋರ್ಡಿನ ಮೇಲೆ ಉಂಗುರ ಬರೆಯುವುದು ಆಮೇಲೆ. ನಿಂಬೆಹಣ್ಣನ್ನು ಅಮ್ಮ ಆಗಲೇ ಗೊಬ್ಬರದ ಬಕೆಟ್ಟಿಗೆ ಹಾಕಿಯಾಗಿತ್ತು, ಮಕ್ಕಳಿಗೆ ತೋರಿಸಬಹುದಿತ್ತು.